ಮಂಚ ಎಲ್ಲಿರಬೇಕು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬದಿಯ ನಮ್ಮ ಹೆಂಚಿನ ಮನೆಯಲ್ಲಿ ಇದ್ದದ್ದು ಒಂದು ಜಗುಲಿ, ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಅದರ ಮೇಲೊಂದು ಅಟ್ಟ, ಹಿಂದುಗಡೆ ಮಾಡು ಇಳಿಸಿ ಕಟ್ಟಿದ ಬಚ್ಚಲು. ಇಷ್ಟರಲ್ಲಿ ಏಳು ಮಂದಿ: ಅಪ್ಪಯ್ಯ, ಅಮ್ಮ, ಅಜ್ಜಿ, ನಾವು ಮೂವರು ಮಕ್ಕಳು, ಕಾಲೇಜು ಓದಲೆಂದು ಬಂದು ಉಳಿದಿದ್ದ ಸೋದರತ್ತೆಯ ಮಗ. ಇಷ್ಟು ಚಿಕ್ಕ ಮನೆಯಲ್ಲಿ ಸಾಮಾನಿಗೊಂದು ಜಾಗ ಗೊತ್ತಾದರೆ ಮುಗಿಯಿತು, ಮತ್ತೆ ಮುಟ್ಟುವ ಪ್ರಮೇಯವೇ ಇಲ್ಲ ಎಂದು ನೀವು ಅಂದುಕೊಳ್ಳಬಹುದು. ನಮ್ಮಲ್ಲಿ ಹಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ, ದೀಪಾವಳಿಗೆ, ಪರೀಕ್ಷೆ ಹತ್ತಿರ ಬಂದಾಗ, ಬಾಣಂತನಕ್ಕೋ ತಿಥಿಗೋ ಜನ ಸೇರುವಾಗ, ಇವು ಯಾವುದೂ ಇಲ್ಲದೆ ಅಮ್ಮನಿಗೆ ಸುಮ್ಮನೆ ಅನ್ನಿಸಿದಾಗಲೂ ಮನೆಯೊಳಗಿನದೆಲ್ಲ ಜಾಗ ಬದಲಿಸುತ್ತಿತ್ತು. ಶಾಲೆಯಿಂದ ಬಂದು ಚೀಲ ಎಸೆಯಲು ಹೋದರೆ ಬೆಳಿಗ್ಗೆ ಅಲ್ಲಿದ್ದ ಬೆಂಚು ಇರುತ್ತಿರಲಿಲ್ಲ.

ಅಪ್ಪಯ್ಯ ಪ್ರೈಮರಿ ಶಾಲೆ ಮೇಷ್ಟ್ರು. ಶಾಲೆಯಲ್ಲಿ ಸೀಮೆಸುಣ್ಣದ ಪೆಟ್ಟಿಗೆ ಅರ್ಧ ಗೇಣು ಆಚೀಚೆ ಆದರೂ ಸಹಿಸದ ಮನುಷ್ಯ. ಮನೆಗೆ ಬಂದ ಮೇಲೆ ಅವರ ಮೊದಲ ಮಾತು ಸಾಮಾನ್ಯವಾಗಿ ಹೀಗಿರುತ್ತಿತ್ತು:

“ಎಲ್ಲಿಟ್ಟಿದೀಯೇ ಮಾರಾಯ್ತಿ, ನನ್ನ ಕನ್ನಡಕ?”

“ಕನ್ನಡಕ ನೀವು ಇಟ್ಟಲ್ಲೇ ಇದೆ, ಮೇಜಿನ ಮೇಲೆ. ಮೇಜು ಕೋಣೆಗೆ ಹೋಗಿದೆ.”

ಅಮ್ಮನ ಉತ್ತರದಲ್ಲಿ ತಮಾಷೆ ಇತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅಪ್ಪಯ್ಯ ಗೊಣಗುತ್ತ ಕೋಣೆಗೆ ಹೋಗಿ ಕನ್ನಡಕ ಹಾಕಿಕೊಂಡು, ಅಲ್ಲೇ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದರು. ಎರಡು ದಿನ ಕಳೆದರೆ ಅವರಿಗೂ ಅಲ್ಲಿ ಗಾಳಿ ಚೆನ್ನಾಗಿದೆ ಅನ್ನಿಸುತ್ತಿತ್ತು. ಹಾಗಂತ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಈ ಎಲ್ಲ ಬದಲಾವಣೆಗಳ ಹಿರಿಯಣ್ಣ ಮೇ ತಿಂಗಳಿನದು. ನಮ್ಮ ಸೀಮೆಯ ಮಳೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಮನೆ ಸೋರಲು ಬೇಕಾದಷ್ಟಕ್ಕೆ ಏನೂ ಕಮ್ಮಿಯಿರಲಿಲ್ಲ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸಬೇಕು. ಇಬ್ಬರು ಮಾಡು ಹತ್ತಿ ಸಾಲುಸಾಲಾಗಿ ಹೆಂಚು ತೆಗೆದು, ಪಾಚಿ ಕೆರೆದು, ಒಡೆದದ್ದನ್ನು ಕೆಳಗೆ ಕೊಟ್ಟು, ಜಾರಿದ ರೀಪು ಸರಿಮಾಡಿ ಮತ್ತೆ ಹೊದಿಸುತ್ತ ಹೋಗುತ್ತಾರೆ. ಒಂದೊಂದು ಹೆಂಚು ಎರಡು, ಎರಡೂವರೆ ಕೆಜಿ ತೂಗುವ ವಸ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಊರಿನಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದವಲ್ಲ, ಅವುಗಳಲ್ಲಿ ನಾಲ್ಕಾರರ ಗುರುತು ನಮ್ಮ ಮಾಡಿನ ಮೇಲಿತ್ತು. ಒಡೆದಾಗೆಲ್ಲ ಸಿಕ್ಕಿದ್ದನ್ನು ತಂದು ಸೇರಿಸಿದ್ದರ ಫಲ. ಕೆಳಗೆ ಇಳಿದು ಬಂದ ಹೆಂಚಿನ ಬೆನ್ನ ಮೇಲಿನ ಅಕ್ಷರ ಓದುವುದು ನಮಗೆ ಆಟ. ಕೈಗೆ ಇಂಗ್ಲಿಷ್ ಅಕ್ಷರ ಹತ್ತಿದ್ದು ಅಲ್ಲೇ ಎಂದರೂ ತಪ್ಪಿಲ್ಲ.

ಹೆಂಚು ತೆಗೆಯುವಾಗ ನೂರಾರು ದಿನದ ಧೂಳು, ಇಲಿ ಗೂಡು, ಅಳಿಲು ತುರುಕಿದ ನಾರು, ಒಮ್ಮೊಮ್ಮೆ ಹಾವಿನ ಪೊರೆ ಎಲ್ಲ ಕೆಳಗೆ ಬೀಳುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಮನೆ ಖಾಲಿಯಾಗಬೇಕು. ಟ್ರಂಕು, ಹಾಸಿಗೆ ಸುರುಳಿ, ಅಕ್ಕಿ ಡಬ್ಬ, ಹೊಲಿಗೆ ಮೆಷಿನ್ನು, ಹೀಗೆ ದೇವರ ಮಂಟಪವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಂಗಳಕ್ಕೆ ಬಂದು ಅಡಿಕೆ ಚಪ್ಪರದ ಕೆಳಗೆ ಸಾಲಾಗಿ ಕೂರುತ್ತಿದ್ದವು. ಹಾದುಹೋಗುವ ಬಸ್ಸಿನಿಂದ ಯಾರಾದರೂ ನೋಡಿದರೆ ನಾವು ಮನೆ ಬಿಟ್ಟು ಹೊರಟಿದ್ದೇವೆ ಎಂದುಕೊಳ್ಳಬೇಕು. ಒಂದು ವರ್ಷ ಅಪ್ಪಯ್ಯನ ಸ್ನೇಹಿತರೊಬ್ಬರು ನಿಜವಾಗಿಯೂ ಬಸ್ಸಿಳಿದು ಬಂದು, “ಮೇಷ್ಟ್ರೇ, ವರ್ಗ ಆಯ್ತೇನ್ರೀ?” ಎಂದು ಕೇಳಿದ್ದರು.

ಆ ದಿನ ಅಮ್ಮ ಕಾಯುತ್ತಿದ್ದುದು ಹೆಂಚಿಗಲ್ಲ. ಮೇಲಿನವರು ಇಳಿದು ಹೋದ ಮೇಲೆ ಬರಿ ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. ಸಾಮಾನಿಲ್ಲದ ನಡುಮನೆ ದೊಡ್ಡದಾಗಿ ಕಾಣುತ್ತಿತ್ತು, ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಆಮೇಲೆ ಒಂದೊಂದೇ ಸಾಮಾನು ಒಳಗೆ ಬರಬೇಕು. ಪ್ರತಿಯೊಂದನ್ನೂ ಹೊಸ್ತಿಲಲ್ಲೇ ತಡೆದು, ಒರೆಸಿ, ಬೋರಲು ಹಾಕಿ ನೋಡಿ, “ಇದು ಈ ವರ್ಷ ಕೋಣೆಗೆ”, “ಇದು ಅಟ್ಟಕ್ಕೆ”, “ಇದು ಯಾಕೆ ಇನ್ನೂ ಇದೆ?” ಎನ್ನುವಳು. ತಾಲೂಕಾಫೀಸಿನ ಗುಮಾಸ್ತರು ಅರ್ಜಿ ನೋಡುವ ಗತ್ತು ಅದು.

ಅವಳ ಲೆಕ್ಕಕ್ಕೆ ಆಧಾರವಿಲ್ಲದೆ ಇರಲಿಲ್ಲ. ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಅದರಿಂದ ಇಳಿಯುವ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯ ಗಿಳಿಗೂಟದ ಹತ್ತಿರ ಹುಟ್ಟಿ, ಗೋಡೆ ಇಳಿದು, ಕಾವಿ ನೆಲದ ಮೇಲೆ ಹರಿದು, ಮಧ್ಯಾಹ್ನದ ಹೊತ್ತಿಗೆ ಕಂಬದ ಬುಡ ಮುಟ್ಟಿ, ಮೂರು ಗಂಟೆಗೆ ಅಜ್ಜಿಯ ಮಂಚದ ಕಾಲು ಹತ್ತುತ್ತಿತ್ತು. ಅದು ಹಾಯುವ ದಾರಿಯಲ್ಲಿ ಏನಿದೆಯೋ ಅದರ ಧೂಳು ಎದ್ದು ಕಾಣುತ್ತಿತ್ತು. ಮೋಡದ ದಿನ ಚೊಕ್ಕಟವಾಗಿ ಕಂಡ ನೆಲ ಆ ಚೌಕದೊಳಗೆ ಬಂದಾಗ ಕೂದಲು, ನೂಲು, ಅಕ್ಕಿ ನುಚ್ಚು, ಇರುವೆ ಸಾಲು ಎಲ್ಲವನ್ನೂ ತೋರಿಸಿಬಿಡುತ್ತಿತ್ತು. ಅಮ್ಮ ಹಿಡಿ ಹಿಡಿದುಕೊಂಡು ಆ ಬಿಸಿಲಿನ ಹಿಂದೆಯೇ ಗುಡಿಸುತ್ತ ಹೋಗುವಳು. ಬೇಸಿಗೆಯಲ್ಲಿ ಬಿಸಿಲು ಬೀಳುವ ಜಾಗಕ್ಕೆ ಹಪ್ಪಳದ ಮೊರ. ಮಳೆಗಾಲದಲ್ಲಿ ಅಪರೂಪಕ್ಕೆ ಹೊಳವಾದರೆ ಅದೇ ಜಾಗಕ್ಕೆ ನಮ್ಮ ಒದ್ದೆ ಪುಸ್ತಕ. ಚಳಿಗಾಲದಲ್ಲಿ ಅಲ್ಲಿ ಅಜ್ಜಿಯ ಮಣೆ. ಮಂಚ ಎಲ್ಲಿರಬೇಕು ಎನ್ನುವುದನ್ನು ಅರ್ಧ ಆ ಗಾಜಿನ ಹೆಂಚು ತೀರ್ಮಾನಿಸುತ್ತಿತ್ತು, ಮಿಕ್ಕರ್ಧ ಸೋರುವ ಜಾಗ.

ಸೋರುವ ಜಾಗದ ಬಗ್ಗೆ ಒಂದು ಮಾತು. ಎಷ್ಟೇ ಕೈಯಾಡಿಸಿದರೂ ಆರಿದ್ರಾ ಮಳೆಗೆ ಎಲ್ಲಾದರೂ ಒಂದು ಕಡೆ ತೊಟ್ಟಿಕ್ಕಲು ಶುರುವಾಗುತ್ತದೆ. ಅದು ಯಾವತ್ತೂ ಹಿಂದಿನ ವರ್ಷದ ಜಾಗವಲ್ಲ. ಹಿಂದಿನ ವರ್ಷದ ಜಾಗ ಬಿಟ್ಟು ಮಂಚ ಹಾಕಿದರೆ ಈ ವರ್ಷ ಮಂಚದ ಮೇಲೇ ಹನಿ. ಆಗ ರಾತ್ರಿ ಎರಡು ಗಂಟೆಗೆ ಎಲ್ಲರೂ ಎದ್ದು, ಚಿಮಣಿ ದೀಪದಲ್ಲಿ, ಅಜ್ಜಿ ಮಲಗಿದ್ದಂತೆಯೇ ಮಂಚ ಎತ್ತಿ ಸರಿಸಬೇಕು. ಅಜ್ಜಿ ಕಣ್ಣು ತೆರೆಯದೆ, “ಗೋಡೆಗೆ ತಾಗಿಸ್ಬೇಡ್ರೋ, ಸುಣ್ಣ ಮೆತ್ತಿಕೊಳ್ತದೆ” ಎನ್ನುತ್ತಿದ್ದರು.

ಅಜ್ಜಿಯ ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅದು ಹಲಸಿನ ಮರದ ಮಂಚ, ಅಜ್ಜನ ಕಾಲದ್ದು. ಅಮ್ಮ ಮದುವೆಯಾಗಿ ಬಂದಾಗ ಅದು ನಡುಮನೆಯ ಒಳಬಾಗಿಲಿಗೆ ಅಡ್ಡವಾಗಿತ್ತಂತೆ. ಅಡುಗೆಮನೆಗೆ ಹೋಗುವವರು, ಬರುವವರು ಎಲ್ಲರೂ ಸೊಂಟ ಓರೆ ಮಾಡಿಕೊಂಡು ಹಾಯಬೇಕು. ಬಸುರಿಯಾಗಿದ್ದಾಗ ಕೊಡ ಹೊತ್ತು ಹಾಯಲು ಆಗುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಆದರೂ ಅದನ್ನು ಸರಿಸುವ ಮಾತು ಎತ್ತುವಂತಿರಲಿಲ್ಲ. ಅಲ್ಲಿ ಮಲಗಿದರೆ ಒಲೆ ಮುಂದೆ ಏನು ನಡೆಯುತ್ತಿದೆ, ಅಂಗಳಕ್ಕೆ ಯಾರು ಬಂದರು ಎರಡೂ ಕಾಣುತ್ತವೆ; ಅಜ್ಜಿಗೆ ಬೇಕಾಗಿದ್ದುದು ಅದೇ. ಸೊಸೆ ಒಂದು ಮಣೆಯನ್ನು ಗೋಡೆಗೆ ಒರಗಿಸುವುದಕ್ಕೂ ಅತ್ತೆಯ ಮುಖ ನೋಡಬೇಕಿದ್ದ ಕಾಲ. ಶುಕ್ರವಾರ ಜೇಡರ ಬಲೆ ತೆಗೆಯಬಾರದು, ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು, ಹಿಡಿಯನ್ನು ನಿಲ್ಲಿಸಿ ಇಡಬಾರದು ಎನ್ನುವ ಕಟ್ಟಳೆಗಳೆಲ್ಲ ಅಜ್ಜಿಯ ಬಾಯಿಂದ ಬರುತ್ತಿದ್ದವು. ಅವನ್ನು ಪಾಲಿಸುವುದು ಅಮ್ಮನ ಕೆಲಸ.

ಅಜ್ಜಿಗೆ ಮೊಣಕಾಲು ನೋವು ಬಂದು ಅಟ್ಟ ಹತ್ತುವುದು ನಿಂತ ವರ್ಷ ಅಧಿಕಾರ ಕೈ ಬದಲಾಯಿಸಿತು. ಯಾರೂ ಏನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಹಿತ್ತಲಲ್ಲಿ ಕೂತು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾಗ ಅಮ್ಮ ನಮ್ಮ ಸೋದರತ್ತೆ ಮಗನನ್ನು ಕರೆದು ಮಂಚದ ಒಂದು ತುದಿ ಹಿಡಿಸಿ ಕಿಟಕಿಯ ಪಕ್ಕಕ್ಕೆ ಹಾಕಿದಳು. ಒಳಬಾಗಿಲು ಬಯಲಾಯಿತು. ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಬಂದು, ಮಂಚ ನೋಡಿ, ಅದರ ಮೇಲೆ ಕೂತು, ಕಿಟಕಿಯಿಂದ ರಸ್ತೆ ನೋಡಿದರು. “ಇಲ್ಲಿ ಬಸ್ಸು ಕಾಣ್ತದೆ” ಎಂದರು, ಅಷ್ಟೇ. ನಾವು ಜಗಳ ನೋಡಲು ಕಾದು ನಿಂತವರು ನಿರಾಶರಾಗಿ ಆಟಕ್ಕೆ ಹೋದೆವು.

ಅಲ್ಲಿಂದ ಮುಂದೆ ಅಮ್ಮನ ಕೈ ನಿಂತದ್ದಿಲ್ಲ. ರೇಡಿಯೋ ಒಂದೇ ಅವಳಿಗೆ ಜಗ್ಗದ ವಸ್ತು. ಭದ್ರಾವತಿ ಆಕಾಶವಾಣಿ ಜಗುಲಿಯ ಮೂಲೆಯಲ್ಲಿ ಮಾತ್ರ ಸರಿಯಾಗಿ ಹಿಡಿಯುತ್ತಿತ್ತು; ಎರಡು ಅಡಿ ಒಳಗೆ ತಂದರೆ ಕೃಷಿರಂಗದವರ ದನಿಗೆ ನೆಗಡಿ ಬರುತ್ತಿತ್ತು. ಹಾಗಾಗಿ ರೇಡಿಯೋ ಅಪ್ಪಯ್ಯನ ಪಾಲಿಗೆ ಉಳಿಯಿತು.

ದೀಪಾವಳಿಯ ಕೆಲಸ ಬೇರೆ ಬಗೆಯದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಚಾಪೆ, ಕಂಬಳಿ, ಚರ್ಮದ ಚೀಲ ಎಲ್ಲ ಅಂಗಳದ ಬಿಸಿಲಿಗೆ. ಗೋಡೆಗೆ ಸುಣ್ಣ. ಅಡುಗೆಮನೆಯ ಮಣ್ಣಿನ ನೆಲಕ್ಕೆ ಸಗಣಿ. ಹಳೆಯ ಟಾರ್ಚು ಸೆಲ್ಲು ಒಡೆದು ಅದರೊಳಗಿನ ಕಪ್ಪು ಪುಡಿಯನ್ನು ಸಗಣಿಗೆ ಕಲಸಿ, ಅಡಿಕೆ ಹಾಳೆಯ ತುಂಡಿನಲ್ಲಿ ಅರ್ಧ ಚಂದ್ರದಂತೆ ಎಳೆಯುತ್ತ ಹಿಂದೆ ಹಿಂದೆ ಸರಿಯಬೇಕು. ಸೆಲ್ಲು ಒಡೆಯುವುದು ತಮ್ಮನ ಕೆಲಸ, ಅದಕ್ಕೆ ಅವನು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ.

ಇದಕ್ಕೆಲ್ಲ ಮೊದಲು ಇಲ್ಲಣ ತೆಗೆಯಬೇಕು. ಸೌದೆ ಒಲೆಯ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು: ಜೇಡರ ಬಲೆಗೆ ಹೊಗೆ ಮಸಿ ಕೂತು, ಜಿಡ್ಡು ಸೇರಿ, ಕಪ್ಪು ಜಡೆಗಳಾಗಿ ತೊಲೆಯಿಂದ ಇಳಿಬಿದ್ದಿರುತ್ತದೆ. ಉದ್ದದ ಬಿದಿರು ಗಳಕ್ಕೆ ಹಿಡಿ ಕಟ್ಟಿ, ತಲೆಗೆ ಹಳೆ ಪಂಚೆ ಸುತ್ತಿ, ಮೂಗಿಗೆ ಸೆರಗು ಬಿಗಿದು ಅಮ್ಮ ಅದನ್ನು ಎಳೆಯುತ್ತಿದ್ದಳು. ಮುಗಿಸಿ ಹೊರಗೆ ಬಂದಾಗ ಅವಳ ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಸೀಗೆಪುಡಿ ಎಷ್ಟು ಹಾಕಿದರೂ ಮೂರು ದಿನ ಕಿವಿಯ ಹಿಂದೆ ಮಸಿ ಉಳಿಯುತ್ತಿತ್ತು.

ಆ ಇಲ್ಲಣಕ್ಕೆ ಕೊನೆ ತಂದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಶುರು ಮಾಡಿದ ‘ಅಸ್ತ್ರ’ ಘಟಕದವರು ರೂಪಿಸಿದ ಒಲೆ ಅದು. ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ ಕೂರುತ್ತವೆ, ಹೊಗೆಯೆಲ್ಲ ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತದೆ. ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಬಂತು. ಕಟ್ಟಲು ಬಂದವರು ಹಳೆ ಒಲೆಯ ಜಾಗದಲ್ಲೇ ಕಟ್ಟುತ್ತೇವೆ ಎಂದರು. ಅಮ್ಮ ಒಪ್ಪಲಿಲ್ಲ. “ಮೂರು ಪಾತ್ರೆ ಸಾಲಾಗಿ ಬಂದ್ರೆ ನಾನು ಕೂರೋದು ಎಲ್ಲಿ? ಬಾಗಿಲಿಗೆ ಬೆನ್ನು ಹಾಕಿ ಕೂರೋದಾ?” ಎಂದು ಕೇಳಿ, ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆದು, ತಾನೇ ಮಣೆ ಹಾಕಿ ಕೂತು, ಕೈ ಚಾಚಿ, ನೀರಿನ ಕೊಡ ಎಷ್ಟು ದೂರ, ಸೌದೆ ಎಷ್ಟು ದೂರ ಎಂದು ನೋಡಿ ಜಾಗ ತೋರಿಸಿದಳು. ಒಲೆಯ ಕೊಳವೆಗೆ ಹೆಂಚು ತೂತು ಮಾಡುವ ಜಾಗವೂ ಬದಲಾಯಿತು. ಬಂದವರು ತಲೆಯಾಡಿಸಿ ಅಲ್ಲೇ ಕಟ್ಟಿದರು. ಅಮ್ಮ ಓದಿದ್ದು ಆರನೇ ಕ್ಲಾಸು. ಆದರೆ ಅಡುಗೆಮನೆಯ ನಕ್ಷೆ ಮಾಡುವವರು ಹೀಗೆ ಒಮ್ಮೆ ನೆಲದ ಮೇಲೆ ಕೂತು ಕೈ ಚಾಚಿ ನೋಡಿದ್ದರೆ, ನಾನು ಬೆಂಗಳೂರಿನಲ್ಲಿ ಕಂಡ ಎಷ್ಟೋ ಅಡುಗೆಮನೆಗಳು ಬೇರೆ ತರ ಇರುತ್ತಿದ್ದವು.

ಹೊಗೆ ಹೋದದ್ದರಿಂದ ಅಮ್ಮನ ಕೆಮ್ಮು ಹೋಯಿತು, ಗೋಡೆ ಬೆಳ್ಳಗಾಯಿತು. ಜೊತೆಗೆ ಅಟ್ಟದ ಯೋಗ್ಯತೆಯೂ ಹೋಯಿತು. ಹೊಗೆ ಮುಟ್ಟುತ್ತಿದ್ದಷ್ಟು ಕಾಲ ಅಟ್ಟದ ಮೇಲಿನ ಬೀಜದ ಕಾಯಿಗೆ ಹುಳ ಬೀಳುತ್ತಿರಲಿಲ್ಲ, ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಹೊಗೆ ನಿಂತ ಎರಡು ಮೂರು ವರ್ಷಕ್ಕೆ ತೊಲೆಗೆ ಕುಟ್ಟೆ ಹಿಡಿಯಿತು. ಬೆಳಿಗ್ಗೆ ಎದ್ದರೆ ಕೆಳಗೆ ಹಿಟ್ಟಿನಂಥ ಪುಡಿ. ಅಪ್ಪಯ್ಯ ಗೇರೆಣ್ಣೆ ತರಿಸಿ ಬಳಿಸಿದರು. ಬಳಿದವನ ಕೈ ಗುಳ್ಳೆಯೆದ್ದು ಅವನಿಗೆ ವಾರದ ಕೂಲಿ ಹೆಚ್ಚಾಗಿ ಕೊಡಬೇಕಾಯಿತು. ಅಟ್ಟದಿಂದ ಇಳಿದ ಡಬ್ಬ, ಭರಣಿಗಳಿಗೆ ಜಾಗ ಹುಡುಕುವ ನೆಪದಲ್ಲಿ ಅಮ್ಮ ಇಡೀ ಮನೆಯನ್ನು ಮತ್ತೊಮ್ಮೆ ತಿರುವಿ ಹಾಕಿದಳು.

ಅಮ್ಮನ ಮಾತು ನಡೆಯುತ್ತಿದ್ದುದು ಎಲ್ಲಿ ಎಂದು ಈಗ ಯೋಚಿಸುತ್ತೇನೆ. ಹಸು ಮಾರುವಾಗ ಅವಳನ್ನು ಕೇಳಲಿಲ್ಲ. ಸೋದರತ್ತೆಯ ಮಗ ನಮ್ಮಲ್ಲೇ ಇದ್ದು ಓದುವುದೆಂದು ತೀರ್ಮಾನವಾದದ್ದು ಅಪ್ಪಯ್ಯ ಮತ್ತು ಅವರ ಅಕ್ಕನ ನಡುವೆ. ಅಮ್ಮನಿಗೆ ಗೊತ್ತಾದದ್ದು ಅವನು ಟ್ರಂಕು ಹಿಡಿದು ಬಂದ ದಿನ. ನನ್ನ ಜಾತಕ ಹೊರಗೆ ಹೋದದ್ದು, ಬಂದದ್ದು ಅವಳಿಗೆ ಕೊನೆಗೆ ತಿಳಿದ ಸುದ್ದಿ. ಆದರೆ ಅವನ ಟ್ರಂಕು ಯಾವ ಮೂಲೆಯಲ್ಲಿರಬೇಕು, ನನ್ನನ್ನು ನೋಡಲು ಬಂದವರು ಯಾವ ಬೆಂಚಿನ ಮೇಲೆ ಯಾವ ಕಡೆಗೆ ಮುಖ ಮಾಡಿ ಕೂರಬೇಕು ಎನ್ನುವುದನ್ನು ತೀರ್ಮಾನಿಸಿದವಳು ಅವಳೇ. ಬಂದವರನ್ನು ಅವಳು ಬೆಳಕಿಗೆ ಮುಖ ಮಾಡಿ ಕೂರಿಸಿದ್ದಳು. ಯಾಕೆ ಎಂದು ಆಮೇಲೆ ಕೇಳಿದರೆ, “ಅವ್ರು ಮಾತ್ರ ನೋಡೋದಾ? ನಾವೂ ನೋಡ್ಬೇಕಲ್ಲ” ಎಂದಳು.

ಅಪ್ಪಯ್ಯ ತೀರಿಕೊಂಡ ಮೇಲೆ ಖಾತೆ ಬದಲಾವಣೆಯ ಮಾತು ಬಂತು. ಮನೆ ಅವರ ಸ್ವಂತ ದುಡಿಮೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಆಸ್ತಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ ಹೋಗುತ್ತದೆ. ಇದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ. ಊರಲ್ಲಿರುವವನು ತಮ್ಮ, ಕಂದಾಯ ಕಟ್ಟುವವನು ಅವನು, ಓಡಾಟಕ್ಕೆ ಅನುಕೂಲ ಎಂದು ಅವನ ಹೆಸರಿಗೆ ಮಾಡುವುದಾಯಿತು. ಅಮ್ಮ, ಅಕ್ಕ, ನಾನು ಹಕ್ಕು ಬಿಟ್ಟುಕೊಟ್ಟು ರುಜು ಹಾಕಿದೆವು. ತಮ್ಮ ಒಳ್ಳೆಯವನು, ನನಗೆ ಅದರ ಬಗ್ಗೆ ತಕರಾರಿಲ್ಲ. ಅಮ್ಮ ರುಜು ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿದಳು: “ಹಿತ್ತಲ ಬಾಗಿಲು ಈಗಿರೋ ಕಡೇನೇ ಇರ್ತದಲ್ಲ?” ಅಲ್ಲಿದ್ದವರು ನಕ್ಕರು. ನಮ್ಮ ತಮ್ಮನ ಹೆಂಡತಿ ಮಾತ್ರ ನಗಲಿಲ್ಲ. ಮುಂದೊಂದು ದಿನ ತಾನೂ ಆ ಬಾಗಿಲಿನ ಜಾಗದ ಬಗ್ಗೆ ಯೋಚಿಸಬೇಕಾದವಳು ಅವಳು.

ಬೆಂಗಳೂರಿನ ನನ್ನ ಫ್ಲ್ಯಾಟಿಗೆ ಬಂದಾಗ ಅಮ್ಮನಿಗೆ ನಾಲ್ಕನೇ ದಿನಕ್ಕೆ ಬೇಜಾರು. ಇಲ್ಲಿ ಸರಿಸಲು ಏನೂ ಇಲ್ಲ. ಬೀರು ಗೋಡೆಯೊಳಗೇ ಕೂತಿದೆ. ಮಂಚದ ತಲೆದೆಸೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಎಲ್ಲಿರಬೇಕೆಂದು ನಾವು ಮನೆ ನೋಡುವ ಮೊದಲೇ ಬಿಲ್ಡರು ಪ್ಲಗ್ ಪಾಯಿಂಟ್ ಹಾಕಿ ತೀರ್ಮಾನ ಮಾಡಿಬಿಟ್ಟಿದ್ದ. ಅವಳು ಒಂದೆರಡು ಸಲ ನಡುಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿ, ಅಡುಗೆಮನೆಗೆ ಹೋಗಿ ಸಾಂಬಾರ ಡಬ್ಬಗಳನ್ನು ಜೋಡಿಸುತ್ತ ಕೂರುತ್ತಾಳೆ. ಅವಳು ಹೋದ ಮೇಲೆ ವಾರಗಟ್ಟಲೆ ನನಗೆ ಸಾಸಿವೆ ಸಿಗುವುದಿಲ್ಲ. ಜಪಾನಿನ ಮಾರಿ ಕೊಂಡೊ ಎಂಬಾಕೆಯ ಪದ್ಧತಿಯನ್ನು ನನ್ನ ಮಗಳು ಅಜ್ಜಿಗೆ ವಿವರಿಸಿದ್ದಳು. ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು, ಮನಸ್ಸಿಗೆ ಖುಷಿ ಕೊಟ್ಟರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಬಿಡಬೇಕು. ಅಮ್ಮ ಪೂರ್ತಿ ಕೇಳಿಸಿಕೊಂಡು, “ತೆಂಗಿನ ಹಗ್ಗ ನೋಡಿ ಯಾರಿಗೆ ಖುಷಿ ಆಗ್ತದೆ? ಆಶ್ಲೇಷ ಮಳೇಲಿ ತಗಡು ಹಾರಿದಾಗ ಆಗ್ತದೆ” ಎಂದಳು. ನಾನು ಅಮ್ಮನ ಪಕ್ಷ.

ಈಗ ಅವಳಿಗೆ ಎಂಬತ್ತರ ಹತ್ತಿರ. ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಹಾಗಾಗಿ 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವುದು ಅವಳ ಖಾತೆಗೆ. ಮೊದಲ ಕಂತು ಬಂದಾಗ ಏನು ಮಾಡಿದೆ ಎಂದು ಫೋನಿನಲ್ಲಿ ಕೇಳಿದೆ. ಇಬ್ಬರು ಹುಡುಗರನ್ನು ಕರೆಸಿ ಗಾಡ್ರೇಜ್ ಬೀರುವನ್ನು ಕೋಣೆಯಿಂದ ನಡುಮನೆಗೆ ತರಿಸಿದ್ದಳಂತೆ. ತಮ್ಮ ವರ್ಷಗಳಿಂದ ಆಗೋದಿಲ್ಲ, ನೆಲ ಕೆರೆಯುತ್ತದೆ ಎನ್ನುತ್ತಿದ್ದ ಕೆಲಸ. ನೆಲ ಒಂದು ಕಡೆ ಕೆರೆದಿದೆ ಎಂದು ಆಮೇಲೆ ತಮ್ಮನಿಂದ ಗೊತ್ತಾಯಿತು.

ಹಬ್ಬಕ್ಕೆ, ರಜೆಗೆ ಊರಿಗೆ ಹೋಗುವ ನನ್ನ ವಾರಿಗೆಯವರಿಗೆ ಒಂದು ವಿನಂತಿ. ಹೋದ ಮರುದಿನವೇ ಸೆರಗು ಸಿಕ್ಕಿಸಿ ತವರಿನ ಮನೆ ಚೊಕ್ಕಟ ಮಾಡಲು ಇಳಿಯಬೇಡಿ. ಹಳೆ ಡಬ್ಬ, ಖಾಲಿ ಬಾಟಲಿ, ಹರಿದ ಚೀಲ ಕಂಡ ಕೂಡಲೇ ಗುಜರಿಯವನನ್ನು ಕರೆಯಬೇಡಿ. ಮೊದಲು ಅಮ್ಮನನ್ನು ಕೇಳಿ, ಅವಳು ಹೇಳಿದ ಕಡೆ ಮಂಚದ ಒಂದು ತುದಿ ಹಿಡಿಯಿರಿ.